ಮೊದಲು ಪಾಸ್ ಬುಕ್, ಆಮೇಲೆ ಪಿಸ್ತೂಲು

ಪ್ರಿಯ ಕಿರಿಯ ಮಿತ್ರರೇ,

ನಿಮ್ಮ ಕಾದಂಬರಿಯ ಕಥಾಸಾರ ಓದಿದೆ. ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಾ, 1963ರ ಜೋಹಾನ್ಸ್‌ಬರ್ಗ್, ಭೂಗತ ಸಂಘಟನೆ, ಒಳಗೊಬ್ಬ ದ್ರೋಹಿ, ಹಿಂದೆ ಬಿದ್ದ ಪೊಲೀಸರು. ವಸ್ತು ಗಟ್ಟಿಯಾಗಿದೆ. ಆದರೆ ಕಾರಿನ ಚೇಸ್ ಮೂರು ಸಲ ಬರುತ್ತದೆ, ಗುಂಡಿನ ಚಕಮಕಿ ಎರಡು ಸಲ, ಕರಿಯರು ಸದಾ ಜೊತೆಗಿಟ್ಟುಕೊಳ್ಳಬೇಕಿದ್ದ ಗುರುತಿನ ಪುಸ್ತಕ, ಅಂದರೆ ಪಾಸ್ ಬುಕ್, ಒಂದು ಸಲವೂ ಇಲ್ಲ. ನಿಮ್ಮ ನಾಯಕ ಆಫ್ರಿಕನ್, ಪರವೂರಿನವನು, ಬಿಳಿಯರ ಬಡಾವಣೆಯಲ್ಲಿ ನಡುರಾತ್ರಿ ಒಬ್ಬನೇ ನಡೆದುಹೋಗುತ್ತಾನೆ. ಅವನನ್ನು ಹಿಡಿಯಲು ಗುಪ್ತಚರರೇ ಬೇಕಿಲ್ಲ, ಬೀಟ್ ಪೊಲೀಸ್ ಸಾಕು. ಕಾದಂಬರಿ ಎರಡನೇ ಪುಟಕ್ಕೇ ಮುಗಿದುಹೋಗುತ್ತದೆ.

ಪಿಸ್ತೂಲನ್ನು ಸದ್ಯಕ್ಕೆ ಪಕ್ಕಕ್ಕಿಡಿ, ಕಾನೂನಿನಿಂದ ಶುರು ಮಾಡಿ. ಆ ದೇಶದಲ್ಲಿ ಕಥೆಗೆ ಬೇಕಾದ ಗಡುವು, ಬೋನು, ತಿರುವು ಎಲ್ಲವನ್ನೂ ಸರ್ಕಾರವೇ ಗೆಜೆಟ್‌ನಲ್ಲಿ ಅಚ್ಚು ಹಾಕಿಸಿಟ್ಟಿತ್ತು.

ಪಾಸನ್ನೇ ನೋಡಿ. 1952ರಲ್ಲಿ 'ಪಾಸುಗಳ ರದ್ದತಿ' ಎಂಬ ಹೆಸರಿಟ್ಟುಕೊಂಡ ಕಾಯ್ದೆಯೇ ಹಳೆಯ ಪಾಸುಗಳನ್ನೆಲ್ಲ ಒಟ್ಟುಮಾಡಿ ಒಂದೇ ರೆಫರೆನ್ಸ್ ಬುಕ್ ಮಾಡಿತು. ಜನ ಅದನ್ನು ದೊಂಪಾಸ್ ಅನ್ನುತ್ತಿದ್ದರು. 16 ತುಂಬಿದ ಆಫ್ರಿಕನ್ ಗಂಡಸು ಅದಿಲ್ಲದೆ ಮನೆಯಿಂದ ಹೊರಬೀಳುವಂತಿರಲಿಲ್ಲ. 1956ರಿಂದ ಹೆಂಗಸರಿಗೂ ಹಂಚತೊಡಗಿದರು. ಒಳಗೆ ಫೋಟೋ, ನಂಬರು, ತೆರಿಗೆ ಕಟ್ಟಿದ ದಾಖಲೆ, ನಗರದಲ್ಲಿ ಇರಬಹುದು ಎಂಬ ಮುದ್ರೆ, ತಿಂಗಳು ತಿಂಗಳೂ ಕೆಲಸ ಕೊಟ್ಟ ಧಣಿಯ ಸಹಿ. ಧಣಿ ಸಹಿ ಮರೆತರೆ ಜೈಲಿಗೆ ಹೋಗುವವನು ಆಳು. ಇದರ ಜೊತೆಗೆ ನಗರ ಪ್ರದೇಶ ಕಾಯ್ದೆಯ 10ನೇ ಕಲಂ ಇತ್ತು. ಆ ಊರಲ್ಲೇ ಹುಟ್ಟಿ ಬೆಳೆದಿರಬೇಕು, ಇಲ್ಲವೇ ಒಬ್ಬನೇ ಧಣಿಯ ಹತ್ತಿರ ಬಿಡದೆ 10 ವರ್ಷ ದುಡಿದಿರಬೇಕು, ಇಲ್ಲವೇ ಕಾನೂನುಬದ್ಧವಾಗಿ 15 ವರ್ಷ ಅಲ್ಲೇ ವಾಸವಿದ್ದಿರಬೇಕು. ಇದ್ಯಾವುದೂ ಇಲ್ಲದವನು ಪರವಾನಗಿ ಇಲ್ಲದೆ 72 ಗಂಟೆಗಿಂತ ಹೆಚ್ಚು ನಗರದಲ್ಲಿ ಉಳಿಯುವಂತಿಲ್ಲ.

ಈಗ ನಿಮ್ಮ ನಾಯಕನನ್ನು ಇದರೊಳಗೆ ಇಳಿಸಿ. ಸೋಮವಾರ ಬೆಳಗ್ಗೆ ಡರ್ಬನ್ ರೈಲಿನಿಂದ ಪಾರ್ಕ್ ಸ್ಟೇಷನ್ನಿನಲ್ಲಿ ಇಳಿದರೆ ಗುರುವಾರ ಬೆಳಗ್ಗೆಗೆ ಅವನ ಗಡುವು ಮುಗಿಯುತ್ತದೆ. ಬಂದದ್ದು ಸೋಮವಾರವೇ ಎಂದು ರುಜುವಾತು ಮಾಡುವ ಹೊಣೆಯೂ ಅವನ ಮೇಲೆಯೇ. ಹಾಗಾದರೆ ಜೇಬಿನಲ್ಲಿರುವ ರೈಲ್ವೆ ರಸೀದಿಯನ್ನು ಏನು ಮಾಡುತ್ತಾನೆ? ಇಟ್ಟುಕೊಂಡರೆ ಡರ್ಬನ್ ನಂಟು ಬಯಲಾಗುತ್ತದೆ, ಹರಿದರೆ 72 ಗಂಟೆಗೆ ಸಾಕ್ಷಿ ಇಲ್ಲ. ಈ ಒಂದು ಚೀಟಿಯ ಮೇಲೆ ನಾಲ್ಕು ಪುಟದ ದೃಶ್ಯ ನಿಲ್ಲುತ್ತದೆ. ನಿಮ್ಮ ಮೂರು ಚೇಸ್‌ಗಳಲ್ಲಿ ಎರಡನ್ನು ತೆಗೆದು ಇದನ್ನು ಹಾಕಿ.

ಬರೆಯಲು ಕೂರುವ ಮುಂಚೆ ದೊಡ್ಡ ಹಾಳೆಯಲ್ಲಿ ನಾಲ್ಕು ಕಂಬದ ಪಟ್ಟಿ ಮಾಡಿ: ತಾರೀಕು, ಆ ದಿನ ಜಾರಿಯಲ್ಲಿದ್ದ ಕಾನೂನು, ಪಾತ್ರಗಳಿಗೆ ಗೊತ್ತಿರುವುದು, ಪೊಲೀಸರಿಗೆ ಗೊತ್ತಿರುವುದು. ಕಡೆಯ ಎರಡು ಕಂಬಗಳ ನಡುವಿನ ಅಂತರವೇ ಸಸ್ಪೆನ್ಸ್. ಮೊದಲ ಎರಡನ್ನು ನಾನೇ ಒಂದಿಷ್ಟು ತುಂಬಿಕೊಡುತ್ತೇನೆ. 21 ಮಾರ್ಚ್ 1960, ಶಾರ್ಪ್‌ವಿಲ್: ಪಾಸ್ ವಿರೋಧಿಸಿ ಠಾಣೆ ಮುಂದೆ ಸೇರಿದವರ ಮೇಲೆ ಗೋಲಿಬಾರ್, ಸರ್ಕಾರಿ ಲೆಕ್ಕದಲ್ಲೇ 69 ಸಾವು. ಅದೇ ವರ್ಷದ ಏಪ್ರಿಲ್ 8: ಕರಿಯರ ಹೋರಾಟ ಸಂಘಟನೆಗಳಾದ ಎಎನ್‌ಸಿ, ಪಿಎಸಿ ಎರಡೂ ನಿಷೇಧ. 16 ಡಿಸೆಂಬರ್ 1961: ಎಎನ್‌ಸಿ ಜೊತೆಗಿನ ಸಶಸ್ತ್ರ ಸಂಘಟನೆ ಉಮ್ಖೊಂಟೊ ವೆ ಸಿಜ್ವೆ, ಅಂದರೆ ಎಂಕೆಯ ಮೊದಲ ಸ್ಫೋಟಗಳು. 1962: ವಿಧ್ವಂಸ ಕಾಯ್ದೆ, ಮರಣದಂಡನೆಯವರೆಗೂ ಹೋಗಬಹುದು. 1963ರ ಮೇ: ವಾರಂಟ್ ಇಲ್ಲದೆ, ವಕೀಲರಿಲ್ಲದೆ 90 ದಿನ ಕೂಡಿಹಾಕುವ ಅಧಿಕಾರ. ನಿಮ್ಮ ಪಾತ್ರ ಏಪ್ರಿಲ್‌ನಲ್ಲಿ ಸಿಕ್ಕಿಬಿದ್ದರೆ ಒಂದು ಕಥೆ, ಜೂನ್‌ನಲ್ಲಿ ಸಿಕ್ಕಿಬಿದ್ದರೆ ಬೇರೆಯದೇ ಕಥೆ.

ಪಟ್ಟಿ ಇಲ್ಲದೆ ಬರೆದರೆ ಆಗುವ ಎಡವಟ್ಟುಗಳು ನಿಮ್ಮ ಸಾರಾಂಶದಲ್ಲೇ ಇವೆ. ಬಂಧಿತನನ್ನು ಪೊಲೀಸ್ ಕೇಂದ್ರ ಜಾನ್ ವೋರ್ಸ್ಟರ್ ಸ್ಕ್ವೇರ್‌ನ ಹತ್ತನೇ ಮಹಡಿಗೆ ಕರೆದೊಯ್ದಿದ್ದೀರಿ. ಆ ಕಟ್ಟಡ ಶುರುವಾದದ್ದೇ 1968ರಲ್ಲಿ. 1963ರಲ್ಲಿ ಜೋಹಾನ್ಸ್‌ಬರ್ಗ್‌ನ ಸೆಕ್ಯೂರಿಟಿ ಬ್ರಾಂಚ್, ಅಂದರೆ ರಾಜಕೀಯ ಪೊಲೀಸ್ ವಿಭಾಗ, ಇದ್ದದ್ದು ಗ್ರೇಸ್ ಎಂಬ ಕಟ್ಟಡದಲ್ಲಿ, ಲಾಕಪ್ಪು ಮಾರ್ಷಲ್ ಸ್ಕ್ವೇರ್‌ನಲ್ಲಿ. ಬಾರ್‌ನಲ್ಲಿ ಟಿವಿ ಸುದ್ದಿ ಕೇಳಿಸಿದ್ದೀರಿ. ದಕ್ಷಿಣ ಆಫ್ರಿಕಾಕ್ಕೆ ಟಿವಿ ಬಂದದ್ದು 1976ರಲ್ಲಿ, ಆದ್ದರಿಂದ ರೇಡಿಯೊ, ಪತ್ರಿಕೆ, ಬಾಯಿಮಾತು ಇಷ್ಟೇ ನಿಮ್ಮ ಕೈಯಲ್ಲಿರುವುದು. 1960ರ ಹಿನ್ನೋಟದಲ್ಲಿ ರ‍್ಯಾಂಡ್ ನೋಟು ಎಣಿಸುತ್ತಾರೆ. ರ‍್ಯಾಂಡ್ ಚಲಾವಣೆಗೆ ಬಂದದ್ದು 1961ರ ಫೆಬ್ರವರಿಯಲ್ಲಿ, ಅಲ್ಲಿಯವರೆಗೂ ಪೌಂಡು. ಎಲ್ಲಕ್ಕಿಂತ ನಗು ಬಂದದ್ದು ಜುಲೈ ಮಳೆಗೆ. ಅದು ನಮ್ಮ ಮಲೆನಾಡಿನ ಆಷಾಢ ಕಣ್ರೀ! ಜೋಹಾನ್ಸ್‌ಬರ್ಗ್‌ನಲ್ಲಿ ಜುಲೈ ಅಂದರೆ ಒಣ ಚಳಿಗಾಲ. ಹುಲ್ಲು ಕಂದು ತಿರುಗಿರುತ್ತದೆ, ಬೆಳಗ್ಗೆ ಮಂಜು ಹೆಪ್ಪುಗಟ್ಟಿರುತ್ತದೆ, ಕರಿಯರ ಬಡಾವಣೆ ಒರ್ಲ್ಯಾಂಡೊ ಕಡೆಯ ಸಾಲುಮನೆಗಳ ಮೇಲೆ ಕಲ್ಲಿದ್ದಲ ಹೊಗೆ, ಸಂಜೆ ಐದೂವರೆಗೆಲ್ಲ ಕತ್ತಲು. ತಪ್ಪಿಸಿಕೊಳ್ಳುವ ದೃಶ್ಯಕ್ಕೆ ಈ ಬೇಗ ಕವಿಯುವ ಕತ್ತಲು ಮಳೆಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇನ್ನು ಯಾರು ಯಾವ ಕೆಲಸ ಮಾಡಬಹುದು ಎಂಬ ಲೆಕ್ಕ. ಆಸ್ತಿ ಕೊಳ್ಳಲು, ರಾತ್ರಿ ಕಾರು ಓಡಿಸಲು, ಹೋಟೆಲಿನಲ್ಲಿ ಕೋಣೆ ಹಿಡಿಯಲು ಬಿಳಿಯ ಮುಖ ಬೇಕು. ಭೂಗತ ನಾಯಕರ ಅಡಗುತಾಣವಾಗಿದ್ದ, ಜೋಹಾನ್ಸ್‌ಬರ್ಗ್ ಹೊರವಲಯದ ರಿವೋನಿಯಾದ ಲಿಲೀಸ್‌ಲೀಫ್ ತೋಟದಲ್ಲಿ ಮುಂದಿನ ಮನೆಯಲ್ಲಿ ಬಿಳಿಯರಾದ ಗೋಲ್ಡ್‌ರೈಖ್ ಕುಟುಂಬ ಇದ್ದದ್ದು ಇದಕ್ಕೇ. ಬಿಳಿಯ ಪಾತ್ರಕ್ಕೆ ಈ ಕೆಲಸ ಕೊಡಿ, ಕಥೆಯ ಚುಕ್ಕಾಣಿ ಕೊಡಬೇಡಿ. ಈ ಬಗೆಯ ಎಷ್ಟೋ ಕಾದಂಬರಿಗಳು ಇಲ್ಲೇ ಹಾಳಾಗಿವೆ. ಕರಿಯರ ಹೋರಾಟ ಹಿನ್ನೆಲೆಯ ಪರದೆಯಾಗಿ, ಬಿಳಿಯನೊಬ್ಬನ ಮನಸ್ಸಾಕ್ಷಿಯೇ ಕಥೆಯಾಗಿಬಿಡುತ್ತದೆ. ಭಾರತೀಯ ಮೂಲದ ಪಾತ್ರವಿದ್ದರೆ ನಿಯಮ ಮತ್ತೆ ಬೇರೆ. ಅವರಿಗೆ ದೊಂಪಾಸ್ ಇಲ್ಲ, ಆದರೆ ಒಂದು ಪ್ರಾಂತ್ಯದಿಂದ ಇನ್ನೊಂದಕ್ಕೆ ಹೋಗಲು ಪರವಾನಗಿ ಬೇಕು, ಆರೆಂಜ್ ಫ್ರೀ ಸ್ಟೇಟ್‌ನಲ್ಲಿ ವಾಸಿಸುವಂತೆಯೇ ಇಲ್ಲ. ಆ ಪ್ರಾಂತ್ಯದ ನಡುವೆ ಅವರ ಕಾರು ಕೆಟ್ಟು ನಿಂತರೆ ಒಂದು ಅಧ್ಯಾಯ ತಾನಾಗಿ ಹುಟ್ಟುತ್ತದೆ.

ಕರಿಯ ಪಾತ್ರಕ್ಕೆ ಸಿಗುವ ರಕ್ಷಣೆ ವಿಚಿತ್ರವಾದದ್ದು: ಆಳಿನ ಬಟ್ಟೆ ತೊಟ್ಟವನ ಮುಖವನ್ನು ಬಿಳಿಯರು ನೋಡುವುದೇ ಇಲ್ಲ. ಲಿಲೀಸ್‌ಲೀಫ್‌ನಲ್ಲಿ ಮಂಡೇಲಾ ನೀಲಿ ಓವರಾಲ್ ಹಾಕಿದ ಆಳು, ಹೆಸರು ಡೇವಿಡ್ ಮೊಟ್ಸಮಾಯಿ. 5 ಆಗಸ್ಟ್ 1962ರಂದು ಹೋವಿಕ್ ಹತ್ತಿರ ಪೊಲೀಸರು ಕಾರು ನಿಲ್ಲಿಸಿದಾಗಲೂ ರಂಗ ನಿರ್ದೇಶಕ ಸೆಸಿಲ್ ವಿಲಿಯಮ್ಸ್‌ನ ಡ್ರೈವರ್ ಎಂಬುದೇ ಅವರ ವೇಷ. ಜನಾಂಗಭೇದವೇ ಆ ವ್ಯವಸ್ಥೆಯ ಕಣ್ಣಿಗೆ ಪೊರೆಯಾಗಿತ್ತು. ಸೂಟು ತೊಟ್ಟ ಗೂಢಚಾರನನ್ನು ಬಿಟ್ಟು, ಟ್ರೇ ಹಿಡಿದು ನಿಂತು ಪೂರ್ತಿ ಮಾತುಕತೆ ಕೇಳಿಸಿಕೊಂಡ ಕೆಲಸದ ಹೆಂಗಸನ್ನು ಕೇಂದ್ರಕ್ಕೆ ತನ್ನಿ. ಮಂಡೇಲಾ, ಸಿಸುಲು ಮುಂತಾದ ನಾಯಕರು ಪಕ್ಕದ ಕೋಣೆಯಲ್ಲಿರಲಿ. ಅವರ ಬಾಯಲ್ಲಿ ನೀವು ಕಟ್ಟಿದ ಮಾತು ಹಾಕಿದ ಕೂಡಲೇ ಓದುಗ ಕಥೆ ಬಿಟ್ಟು ನಿಜವೋ ಸುಳ್ಳೋ ಹುಡುಕತೊಡಗುತ್ತಾನೆ.

ಭೂಗತ ಕೆಲಸ ಹೇಗೆ ಮುರಿದುಬೀಳುತ್ತದೆ ಎಂಬುದನ್ನು ಲಿಲೀಸ್‌ಲೀಫ್‌ನಿಂದಲೇ ಕಲಿಯಿರಿ. ಅಲ್ಲಿಗೆ ಬಂದುಹೋಗುವವರ ಸಂಖ್ಯೆ ಬೆಳೆಯುತ್ತಲೇ ಹೋಯಿತು. ಅಡಗುತಾಣವೇ ಸಭೆಯ ಜಾಗವೂ ಆಯಿತು, ಕಾಗದದ ಉಗ್ರಾಣವೂ ಆಯಿತು. ತನ್ನ ಕೈಬರಹವನ್ನು ನಾಶಮಾಡಿ ಎಂದು ಮಂಡೇಲಾ ಜೈಲಿನಿಂದ ಕೇಳಿಕೊಂಡಿದ್ದರೂ ಅದು ಹಾಗೇ ಉಳಿದಿತ್ತು. ಅಪಾಯ ಗೊತ್ತಾಗಿ ಬೇರೆ ಜಾಗ ಕೊಂಡೂ ಆಗಿತ್ತು. ಇದೊಂದು ಸಭೆ ಇಲ್ಲಿ ಮುಗಿಸಿಬಿಡೋಣ ಎಂದು 11 ಜುಲೈ 1963ರ ಮಧ್ಯಾಹ್ನ ಸೇರಿದರು. ಬಟ್ಟೆ ಒಗೆಯುವ ಕಂಪನಿಯ ವ್ಯಾನೊಂದು ಅಂಗಳಕ್ಕೆ ಬಂತು, ಒಳಗಿದ್ದದ್ದು ಪೊಲೀಸರು ಮತ್ತು ನಾಯಿ. ಕಾದಂಬರಿಯಲ್ಲಿ ಸೋಲಿಗೆ ಕಾರಣ ಯಾವಾಗಲೂ ದ್ರೋಹಿಯೇ ಆಗಬೇಕಿಲ್ಲ. ದಣಿವು, ಅನುಕೂಲ, 'ಇನ್ನೊಂದೇ ಸಲ' ಅನ್ನುವ ಮಾತು, ಸುಡಲು ಮನಸ್ಸು ಬಾರದ ಕಾಗದ, ಇವು ಹೆಚ್ಚು ನಂಬಿಕೆ ಹುಟ್ಟಿಸುತ್ತವೆ.

ದ್ರೋಹಿ ಬೇಕೇಬೇಕು ಎಂದರೆ ಹಣಕ್ಕೆ ಮಾರಿಕೊಂಡವನನ್ನು ಬಿಡಿ, ಅವನು ಸಿನಿಮಾದವನು. 90 ದಿನದ ಕಾನೂನು ಮನುಷ್ಯನನ್ನು ಹೇಗೆ ಮುರಿಯುತ್ತದೆ ಎಂದು ಹೆಜ್ಜೆ ಹೆಜ್ಜೆಯಾಗಿ ಬರೆಯಿರಿ. ಒಂಟಿ ಕೋಣೆ. ಓದಲು ಬೈಬಲ್ ಬಿಟ್ಟು ಬೇರೇನಿಲ್ಲ. ವಾರಕ್ಕೊಮ್ಮೆ ಬಂದು ದೂರು ಕೇಳಿಹೋಗುವ ಮ್ಯಾಜಿಸ್ಟ್ರೇಟ್. ನಿದ್ದೆ ಕೆಡಿಸಿ ಗಂಟೆಗಟ್ಟಲೆ ಒಂದೇ ಜಾಗದಲ್ಲಿ ನಿಲ್ಲಿಸುವ ವಿಚಾರಣೆ. ತೊಂಬತ್ತನೇ ದಿನ ಬಿಡುಗಡೆ ಎಂದು ಬಂಧಿ ಎಣಿಸುತ್ತಿರುತ್ತಾನೆ, ಆದರೆ ಬಿಟ್ಟ ಹಾಗೆ ಮಾಡಿ ಅಲ್ಲೇ ಮತ್ತೆ ಹಿಡಿಯಬಹುದು. ಪತ್ರಕರ್ತೆ ರೂತ್ ಫಸ್ಟ್‌ಗೆ ಹಾಗೇ ಆಯಿತು, ಒಟ್ಟು 117 ದಿನ. ಲುಕ್‌ಸ್ಮಾರ್ಟ್ ಎನ್ಗುಡ್ಲೆ 1963ರ ಸೆಪ್ಟೆಂಬರ್‌ನಲ್ಲಿ ಈ ಕಾನೂನಿನಡಿ ಬಂಧನದಲ್ಲೇ ಸತ್ತರು, ಪೊಲೀಸರು ಆತ್ಮಹತ್ಯೆ ಎಂದರು. ದಿನ 1, 12, 40, 89, 91 ಎಂದು ಐದು ಸಣ್ಣ ಅಧ್ಯಾಯ ಮಾಡಿ, ಬೇರೆ ಕಥೆಯ ನಡುನಡುವೆ ಸೇರಿಸಿ. ಏನು ಹೇಳಿದ ಎಂದು ಓದುಗನಿಗೆ ತಕ್ಷಣ ತಿಳಿಸಬೇಡಿ. ಹೊರಗಿರುವ ಗೆಳೆಯರಿಗೂ ಅದು ತಿಳಿದಿರುವುದಿಲ್ಲ. ಯಾವ ಮನೆ ಬದಲಿಸಬೇಕು, ಯಾವುದನ್ನು ಬಿಡಬಹುದು ಎಂದು ಅವರು ಊಹೆಯ ಮೇಲೆಯೇ ನಿರ್ಧರಿಸಬೇಕು.

ಹಿಂಸೆಯ ಪ್ರಶ್ನೆಯನ್ನು ನೀವು ಹಾರಿಸಿಬಿಟ್ಟಿದ್ದೀರಿ. ಎಲ್ಲರೂ ಮೊದಲ ದಿನದಿಂದಲೇ ಬಂದೂಕಿಗೆ ಒಪ್ಪಿದಂತಿದೆ. ನಿಜದಲ್ಲಿ ಅದು ಸಂಘಟನೆಯೊಳಗೆ ನೋವಿನ ಚರ್ಚೆಯಾಗಿತ್ತು. ಎಎನ್‌ಸಿ ಅಧ್ಯಕ್ಷ ಆಲ್ಬರ್ಟ್ ಲುಥುಲಿ 10 ಡಿಸೆಂಬರ್ 1961ರಂದು ಆಸ್ಲೋದಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಸ್ವೀಕರಿಸಿದರು, ಆರೇ ದಿನಕ್ಕೆ ಎಂಕೆ ಸ್ಫೋಟಗಳು. ಈ ಆರು ದಿನದಲ್ಲೇ ಒಂದು ಕಾದಂಬರಿ ಇದೆ. ಪ್ರಾಣಹಾನಿ ಆಗಕೂಡದು ಎಂಬುದು ಆಗಿನ ಕಟ್ಟಪ್ಪಣೆ, ಗುರಿ ವಿದ್ಯುತ್ ಕಂಬ ಮತ್ತು ಸರ್ಕಾರಿ ಕಚೇರಿ. ಆ ಮೊದಲ ರಾತ್ರಿ ಸತ್ತದ್ದು ಅವರವನೇ, ಪೀಟ್ರಸ್ ಮೊಲೆಫೆ, ತನ್ನ ಕೈಯ ಬಾಂಬು ಅವಧಿಗೆ ಮುಂಚೆ ಸಿಡಿದು. ಇಂಥ ದೃಶ್ಯದಲ್ಲಿ ಮದ್ದಿನ ವಿವರಕ್ಕೆ ಕೈಹಾಕಬೇಡಿ. ಅದರಿಂದ ಕಥೆಗೆ ಏನೂ ದಕ್ಕುವುದಿಲ್ಲ. ಅವನ ಮನೆಗೆ ಸುದ್ದಿ ಮುಟ್ಟಿಸುವವರು ಯಾರು, ತಾವೂ ಸಿಕ್ಕಿಬೀಳದೆ ಹೇಗೆ ಮುಟ್ಟಿಸುತ್ತಾರೆ ಎಂಬುದರಲ್ಲಿ ದಕ್ಕುತ್ತದೆ.

ಸಂಭಾಷಣೆಯಲ್ಲಿ ಕನ್ನಡ ನಿಮಗೆ ಒಂದು ದೊಡ್ಡ ಅನುಕೂಲ ಕೊಟ್ಟಿದೆ, ನೀವು ಅದನ್ನು ಮುಟ್ಟಿಯೇ ಇಲ್ಲ. ಅಲ್ಲಿ ಐವತ್ತು ದಾಟಿದ ಗಂಡಸನ್ನೂ 'ಬಾಯ್' ಎಂದೇ ಕರೆಯುತ್ತಿದ್ದರು, ಅವನು 'ಬಾಸ್' ಅನ್ನಬೇಕಿತ್ತು. ಇಪ್ಪತ್ತರ ಪೇದೆ 'ಬಾರೋ ಇಲ್ಲಿ, ಎಲ್ಲೋ ಪಾಸು' ಅಂದರೆ ಬೇರೆ ಬೈಗುಳವೇ ಬೇಡ. ಇಡೀ ಪುಸ್ತಕದಲ್ಲಿ ಬಿಳಿಯರು ಕರಿಯರಿಗೆ ಏಕವಚನ ಬಳಸಲಿ. ಒಬ್ಬನೇ ಒಬ್ಬ ಸಂಗಾತಿ ಬಹುವಚನದಲ್ಲಿ ಮಾತಾಡಿದಾಗ ಓದುಗ ತಾನೇ ತಲೆಯೆತ್ತುತ್ತಾನೆ. ಬೇರೆ ಬೆಂಚು, ಬೇರೆ ಬಾಗಿಲು ಓದುವಾಗ ನಮ್ಮ ಹೋಟೆಲುಗಳ ಬೇರೆ ಲೋಟ ಅವನಿಗೆ ನೆನಪಾಗಿಯೇ ಆಗುತ್ತದೆ, ನೀವು ಬೆರಳಿಟ್ಟು ತೋರಿಸಬೇಡಿ. ಮೂರನೇ ಅಧ್ಯಾಯದ ಗಾಂಧಿ ಪ್ರಸಂಗವನ್ನೂ ತೆಗೆಯಿರಿ. 1914ರಲ್ಲಿ ಆ ದೇಶ ಬಿಟ್ಟವರನ್ನು 1963ರ ಕಥೆಗೆ ಅಲಂಕಾರಕ್ಕೆಂದು ತರಬಾರದು.

ಹೆಸರುಗಳ ಗೋಜಲು ಸಣ್ಣದೆನಿಸಿದರೂ ಓದು ಕೆಡಿಸುತ್ತದೆ. ಲಿಲೀಸ್‌ಲೀಫ್ ದಾಳಿಯ ನಂತರ ನಡೆದ ರಿವೋನಿಯಾ ಮೊಕದ್ದಮೆಯಲ್ಲಿ ಜೀವಾವಧಿ ಶಿಕ್ಷೆಯಾದ ಎಂಟು ಜನರಲ್ಲಿ ಮಂಡೇಲಾ, ಎಂಬೆಕಿ, ಎಂಹ್ಲಾಬಾ, ಮೊಟ್ಸೊಲೆಡಿ, ಎಂಲಾಂಗೆನಿ, ಐವರ ಹೆಸರೂ ಇಂಗ್ಲಿಷಿನ ಎಂ ಅಕ್ಷರದವೇ. ಚರಿತ್ರೆಗೆ ಬೇರೆ ದಾರಿಯಿಲ್ಲ, ನಿಮಗಿದೆ. ಏಳು ಮುಖ್ಯ ಪಾತ್ರ ಸಾಕು, ಏಳಕ್ಕೂ ಬೇರೆ ಬೇರೆ ಮೊದಲಕ್ಷರ.

ಕಡೆಯದಾಗಿ ಕೋರ್ಟು. 12 ಜೂನ್ 1964ರಂದು ವಿಧಿಸಿದ ಶಿಕ್ಷೆ ಏನೆಂದು ಎಲ್ಲರಿಗೂ ಗೊತ್ತು, ಹಾಗಾಗಿ 'ಗಲ್ಲಾಗುತ್ತದೋ ಇಲ್ಲವೋ' ಎಂಬುದರ ಮೇಲೆ ಕೊನೆಯ ಅರವತ್ತು ಪುಟ ನಿಲ್ಲಿಸಿದರೆ ಬೀಳುತ್ತದೆ. ಸಣ್ಣ ಪ್ರಶ್ನೆ ಹಿಡಿಯಿರಿ. ದಾಳಿಯಲ್ಲಿ ಸಿಕ್ಕ 'ಆಪರೇಷನ್ ಮಾಯಿಬುಯೆ' ಎಂಬ ಗೆರಿಲ್ಲಾ ಯುದ್ಧದ ಯೋಜನೆಯನ್ನು ಸಂಘಟನೆ ಒಪ್ಪಿಕೊಂಡಿತ್ತೋ, ಇನ್ನೂ ಚರ್ಚೆಯಲ್ಲಿತ್ತೋ? ಅದು ಬರೀ ಕರಡು ಎಂದು ತೋರಿಸುವುದು ಪ್ರತಿವಾದಿಗಳ ಪ್ರಾಣದ ಪ್ರಶ್ನೆಯಾಗಿತ್ತು. ನಿಮ್ಮ ಕೆಲಸದ ಹೆಂಗಸು ಆ ಸಭೆಗೆ ಚಹಾ ಕೊಟ್ಟಿದ್ದರೆ, ಅವಳು ಕೇಳಿಸಿಕೊಂಡಿರುವುದು ಎರಡೂ ಕಡೆಯವರಿಗೆ ಬೇಕು. ಸರ್ಕಾರಿ ವಕೀಲರು ಅವಳನ್ನು ಸಾಕ್ಷಿಕಟ್ಟೆಗೆ ಕರೆಯುತ್ತಾರೆ ಅಂದುಕೊಳ್ಳಿ. ಅವಳ ಪಾಸ್ ಬುಕ್ಕಿನಲ್ಲಿ ಸಹಿ ಹಾಕುತ್ತಿದ್ದ ಧಣಿ ಜೈಲಿನಲ್ಲಿದ್ದಾನೆ. ಈ ತಿಂಗಳು ಸಹಿ ಹಾಕುವವರು ಯಾರು?

ನಾಲ್ಕು ಕಂಬದ ಪಟ್ಟಿ ಮುಗಿದಾಗ ಮೊದಲ ಮೂರು ಅಧ್ಯಾಯಗಳ ಜೊತೆ ಕಳಿಸಿ. ಸಾರಾಂಶವನ್ನು ಮತ್ತೆ ಬರೆಯುವ ಅಗತ್ಯವಿಲ್ಲ.

ಇತಿ,
ನಿಮ್ಮ ಹಿರಿಯ ಓದುಗ