ದೇವಾಲಯದ ಪಕ್ಕದ ಚಿಕ್ಕ ಕೋಣೆಗಾಗಿ ಒಂದು ಮನವಿ

ಕರ್ತನಲ್ಲಿ ಪ್ರಿಯ ಸಹೋದರ ಸಹೋದರಿಯರೇ,

ಮಾರ್ಕನ ಸುವಾರ್ತೆಯ 7ನೇ ಅಧ್ಯಾಯದಲ್ಲಿ ಕಿವಿ ಕೇಳದ, ಮಾತು ತೊಡರುವ ಒಬ್ಬನನ್ನು ಯೇಸುವಿನ ಬಳಿ ಕರೆತರುತ್ತಾರೆ. ಯೇಸು ಮೊದಲು ಅವನನ್ನು ಜನರ ಗುಂಪಿನಿಂದ ಒತ್ತಟ್ಟಿಗೆ ಕರೆದುಕೊಂಡು ಹೋದನು. ಬಾಯಿ ತೆರೆಯುವ ಮೊದಲು ಅವನ ಕಿವಿ, ನಾಲಿಗೆ ಮುಟ್ಟಿದನು. ಪ್ರಸಂಗಗಳು ಸಾಮಾನ್ಯವಾಗಿ ಅವನು ಗುಣವಾದದ್ದರ ಮೇಲೇ ನಿಲ್ಲುತ್ತವೆ. ಗದ್ದಲದಿಂದ ಆಚೆಗೆ ಇಟ್ಟ ಆ ನಾಲ್ಕು ಹೆಜ್ಜೆಯ ಬಗ್ಗೆ ಈ ಮನವಿ. ಆಟಿಸಂ ಇರುವ ಮಕ್ಕಳೂ ಅವರ ಮನೆಯವರೂ ಆರಾಧನೆಯ ಹೊತ್ತಿನಲ್ಲಿ ಕೂರಲು ಒಂದು ಶಾಂತ ಕೋಣೆ ಮಾಡಬೇಕಿದೆ, ಅದಕ್ಕೆ ನಿಮ್ಮ ಕಾಣಿಕೆ ಬೇಕು.

ಆಟಿಸಂ ರೋಗವಲ್ಲ, ದೆವ್ವವಂತೂ ಅಲ್ಲ. ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ ಅದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಅಂಗವೈಕಲ್ಯಗಳಲ್ಲಿ ಇದೂ ಸೇರಿದೆ. ‘ಯಾರು ಮಾಡಿದ ಪಾಪ?’ ಎಂದು ಹೆತ್ತವರನ್ನು ಕೇಳುವವರು, ‘ಇವನೂ ಪಾಪ ಮಾಡಲಿಲ್ಲ, ಇವನ ಹೆತ್ತವರೂ ಮಾಡಲಿಲ್ಲ’ ಎನ್ನುವ ಯೋಹಾನ 9:3 ಓದಿಕೊಳ್ಳಲಿ. ತಲೆಯ ಮೇಲೆ ಕೈಯಿಟ್ಟು ಗಟ್ಟಿ ದನಿಯಲ್ಲಿ ಪ್ರಾರ್ಥಿಸುವುದಂತೂ, ಹಠಾತ್ತನೆ ಮುಟ್ಟಿದರೆ, ಕೂಗಿದರೆ ಸಹಿಸಲಾಗದ ಮಗುವಿಗೆ ಹಿಂಸೆಯೇ. ಈ ಹಣದಲ್ಲಿ ಒಂದು ಪೈಸೆಯೂ ಅಂಥ ಪ್ರಾರ್ಥನಾ ಕೂಟಗಳಿಗೆ ಹೋಗುವುದಿಲ್ಲ.

ತೊಂದರೆ ಇರುವುದು ನಮ್ಮ ಕಟ್ಟಡದಲ್ಲಿ. ಬಾಸೆಲ್ ಮಿಷನ್ ಕಾಲದ ಎತ್ತರದ ಹೆಂಚಿನ ಮಾಡು, ಸುಣ್ಣದ ಬೋಳು ಗೋಡೆ, ಕಲ್ಲು ನೆಲ. ಶಬ್ದವನ್ನು ಹೀರಿಕೊಳ್ಳುವಂಥದ್ದು ಒಳಗೆ ಏನೂ ಇಲ್ಲ. ಮೈಕಿಲ್ಲದ ಕಾಲದಲ್ಲಿ ಅದು ಅನುಕೂಲವಾಗಿತ್ತು. ಈಗ ನಾಲ್ಕು ಸ್ಪೀಕರ್‌ಗಳ ಸದ್ದು ಗೋಡೆಗೆ ಬಡಿದು ಒಂದರ ಮೇಲೊಂದು ಬೀಳುತ್ತದೆ. ನಮ್ಮ ಕಿವಿ ಅದರಲ್ಲಿ ಬೇಡದ್ದನ್ನು ಬಿಟ್ಟು ಮಾತನ್ನು ಆರಿಸಿಕೊಳ್ಳುತ್ತದೆ. ಆಟಿಸಂ ಇರುವ ಅನೇಕರಿಗೆ ಹಾಗೆ ಆರಿಸಿಕೊಳ್ಳುವುದು ಬಲು ಕಷ್ಟ. ಮಗು ಕಿವಿ ಮುಚ್ಚಿಕೊಂಡು ಕಿರುಚಿದರೆ ಮುಂದಿನ ಬೆಂಚಿನವರು ತಿರುಗಿ ನೋಡುತ್ತಾರೆ, ತಾಯಿ ಎದ್ದು ಹೊರಗೆ ಹೋಗುತ್ತಾಳೆ, ಮುಂದಿನ ಭಾನುವಾರ ಆ ಕುಟುಂಬ ಬರುವುದೇ ಇಲ್ಲ. ಬೆಳೆ ಹಬ್ಬದಲ್ಲಿ ಕಾಣಿಕೆಯ ಫಸಲನ್ನು ಕೂಗಿ ಏಲಂ ಹಾಕುವ ದಿನದ ಮಾತೇ ಬೇಡ.

ಆದ್ದರಿಂದ ವೆಸ್ಟ್ರಿಯ (ಸಭಾಪಾಲಕರು ನಿಲುವಂಗಿ ತೊಡುವ ಕೋಣೆಯ) ಪಕ್ಕದ 12×14 ಅಡಿಯ ದಾಸ್ತಾನು ಕೋಣೆಯನ್ನು ಶಾಂತ ಕೋಣೆಯಾಗಿ ಮಾಡಲು ಸಭಾ ಸಮಿತಿ ಒಪ್ಪಿದೆ. ಕೋಣೆಯೊಳಗಿನ ಪ್ರತಿಧ್ವನಿ ತಗ್ಗಿಸಲು 2×4 ಅಡಿಯ 10 ಪ್ಯಾನೆಲ್‌ಗಳು ಬೇಕು: ಮರದ ಚೌಕಟ್ಟು, ಒಳಗೆ 50 ಮಿ.ಮೀ. ರಾಕ್‌ವೂಲ್ (ಕಲ್ಲಿನ ನಾರಿನ ಹಾಸು), ಮೇಲೆ ಹತ್ತಿಬಟ್ಟೆ. ಒಂದಕ್ಕೆ 1,800ರಂತೆ 18,000 ರೂಪಾಯಿ. ಥರ್ಮೋಕೋಲ್ ಅಂಟಿಸಿದರೆ ಸಾಲದೇ ಎಂದು ಕೆಲವರು ಕೇಳಿದ್ದಾರೆ. ಸಾಲದು, ಅದರ ರಂಧ್ರಗಳು ಮುಚ್ಚಿಕೊಂಡಿರುವುದರಿಂದ ಶಬ್ದ ಒಳಹೊಕ್ಕು ಅಡಗುವುದಿಲ್ಲ, ಬೆಂಕಿಯ ಅಪಾಯ ಬೇರೆ. ಇನ್ನೊಂದು ಮಾತು: ಪ್ಯಾನೆಲ್ ಪ್ರತಿಧ್ವನಿಯನ್ನು ತಗ್ಗಿಸುತ್ತದೆ, ಹೊರಗಿನ ಸದ್ದನ್ನು ತಡೆಯುವುದಿಲ್ಲ. ಅದನ್ನು ತಡೆಯಲು ಮುಚ್ಚಬೇಕಾದದ್ದು ಬಾಗಿಲಿನ ಸಂದು. ಎಷ್ಟು ದಪ್ಪದ ಬಾಗಿಲಾದರೂ ಕೆಳಗೆ ಅರ್ಧ ಇಂಚು ಸಂದಿದ್ದರೆ ಪ್ರಯೋಜನವಿಲ್ಲ. ರಬ್ಬರ್ ಪಟ್ಟಿ ಮತ್ತು ಬಡಗಿ ಕೆಲಸಕ್ಕೆ 9,600.

ಕೋಣೆ ಆರಾಧನೆಯಿಂದ ಕಡಿದುಹೋಗಬಾರದು. ಹಾಗಾದರೆ ಅದು ಹೊರಗೆ ಕಳಿಸುವ ಇನ್ನೊಂದು ದಾರಿ ಅಷ್ಟೇ. ಪ್ರಸಂಗಪೀಠ ಕಾಣುವಂತೆ 4×3 ಅಡಿಯ ಎರಡು ಪದರದ ಗಾಜಿನ ಕಿಟಕಿಗೆ 14,000, ಕುಟುಂಬವೇ ಸದ್ದು ಏರಿಸಿ ಇಳಿಸಿಕೊಳ್ಳಬಹುದಾದ ಚಿಕ್ಕ ಸ್ಪೀಕರ್‌ಗೆ 3,500. ಮಿನುಗದ ಎಲ್‌ಇಡಿ ದೀಪ ನಾಲ್ಕಕ್ಕೆ 2,600. (ಅಗ್ಗದ ಎಲ್‌ಇಡಿಯೂ ಮಿನುಗುತ್ತದೆ. ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಚಿತ್ರೀಕರಿಸಿದರೆ ಗೊತ್ತಾಗುತ್ತದೆ; ಅಂಗಡಿಯಲ್ಲೇ ನೋಡಿ ಕೊಳ್ಳುತ್ತೇವೆ.) ಬಾಗಿಲಿಗೆ ಒಳಗಿನಿಂದ ಚಿಲಕವಿಲ್ಲ, ಯಾವಾಗಲೂ ಇಬ್ಬರು ಸ್ವಯಂಸೇವಕರು, ಒಬ್ಬರೇ ಎಂದೂ ಅಲ್ಲ. ಸದ್ದಿಲ್ಲದೆ ಎದ್ದು ಹೊರಟುಬಿಡುವ ಮಕ್ಕಳಿರುತ್ತಾರೆ. ಅದಕ್ಕೇ ಅಂಗಳದ ಬಾವಿಗೆ ಕಬ್ಬಿಣದ ಜಾಲರಿ ಈಗಾಗಲೇ ಹಾಕಿಸಲಾಗಿದೆ.

ಸದ್ದು ತಗ್ಗಿಸುವ ಕಿವಿಗವಸು ಎಂಟು ಜೊತೆಗೆ 7,200. ಅವನ್ನು ಹಾಡಿನ ಹೊತ್ತಿಗಷ್ಟೇ ಕೊಡುತ್ತೇವೆ. ದಿನವಿಡೀ ಹಾಕಿಕೊಂಡರೆ ಸಾಧಾರಣ ಸದ್ದೂ ಚುಚ್ಚತೊಡಗಬಹುದು.

ಎಲ್ಲಕ್ಕಿಂತ ಅಗ್ಗವಾದದ್ದೇ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು: ಚಿತ್ರಪಟ್ಟಿ. ಗಂಟೆ, ಹಾಡು, ಪ್ರಾರ್ಥನೆ, ವಾಕ್ಯ, ಪ್ರಸಂಗ, ಕಾಣಿಕೆ, ಕರ್ತನ ಭೋಜನ, ಆಶೀರ್ವಾದ, ಮನೆ. ಒಂದೊಂದಕ್ಕೂ ನಮ್ಮ ದೇವಾಲಯದ್ದೇ ಫೋಟೊ, ನಾಲ್ಕು ಇಂಚಿನ ಕಾರ್ಡು, ಹೊಳಪಿಲ್ಲದ ಲ್ಯಾಮಿನೇಷನ್, ಹಿಂದೆ ವೆಲ್ಕ್ರೋ. ಮುಗಿದ ಕಾರ್ಡನ್ನು ಮಗು ಕಿತ್ತು ಡಬ್ಬಿಗೆ ಹಾಕುತ್ತದೆ. ಇನ್ನೆಷ್ಟು ಉಳಿದಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಇಂಥ ಆರು ಸೆಟ್ಟಿಗೆ 2,100 ರೂಪಾಯಿ. ಇದು ಕೆಡುವುದು ಒಂದೇ ಕಾರಣಕ್ಕೆ: ಕಾರ್ಯಕ್ರಮ ಬದಲಾಗುತ್ತದೆ, ಕಾರ್ಡು ಬದಲಾಗುವುದಿಲ್ಲ. ಆದ್ದರಿಂದ ಶನಿವಾರ ಸಂಜೆಯೊಳಗೆ ಸಭಾಪಾಲಕರು ಕ್ರಮವನ್ನು ತಿಳಿಸುತ್ತಾರೆ. ಅನಿರೀಕ್ಷಿತವಾದದ್ದಕ್ಕೆ ಪ್ರಶ್ನೆಚಿಹ್ನೆಯ ಕಾರ್ಡೂ ಇರುತ್ತದೆ.

ಕೊನೆಯದಾಗಿ ತರಬೇತಿ. ಸಂಡೇ ಸ್ಕೂಲ್ ಶಿಕ್ಷಕರಿಗೂ ಸ್ವಯಂಸೇವಕರಿಗೂ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ರೂಢಿ ಮಾಡಿಸುವ ಚಿಕಿತ್ಸಕರು) ಒಬ್ಬರಿಂದ ಆರು ತರಗತಿ, 15,000. ಮಾತು ಬಾರದವರು ಕಾರ್ಡು ತೋರಿಸಿದರೆ ಅದನ್ನೇ ಉತ್ತರವೆಂದು ಸ್ವೀಕರಿಸುವುದು, ಕೈಕುಲುಕುವ ಬದಲು ಕೈಬೀಸುವುದು, ಕರ್ತನ ಭೋಜನದ ರೊಟ್ಟಿಯ ರುಚಿ ಮತ್ತು ಸ್ಪರ್ಶವನ್ನು ಕೆಲವು ವಾರ ಮುಂಚೆಯೇ ರೂಢಿ ಮಾಡಿಸುವುದು, ಇವೆಲ್ಲ ಕಲಿಯಬೇಕಾದ ಕೆಲಸ. ‘ನನ್ನ ನಾಲಿಗೆ ಮಂದ’ ಎಂದ ಮೋಶೆಗೆ ದೇವರು ನಾಲಿಗೆಯನ್ನು ಬದಲಿಸಲಿಲ್ಲ, ಅವನ ಪರವಾಗಿ ಮಾತಾಡಲು ಅಣ್ಣ ಆರೋನನನ್ನು ಜೊತೆಗೆ ಕೊಟ್ಟನು.

ಒಟ್ಟು 72,000 ರೂಪಾಯಿ. ಏಲಂನಿಂದ 27,000 ಕೂಡಿದೆ, ಉಳಿದ 45,000 ನಿಮ್ಮಿಂದ ಬರಬೇಕು. ಹೆಚ್ಚು ಬಂದದ್ದನ್ನು ಈ ಕುಟುಂಬಗಳ ಯುಡಿಐಡಿ ಕಾರ್ಡ್ (ಸರ್ಕಾರ ಕೊಡುವ ಅಂಗವಿಕಲರ ಗುರುತಿನ ಚೀಟಿ) ಮತ್ತು ಸರ್ಕಾರದ ನಿರಾಮಯ ಆರೋಗ್ಯ ವಿಮೆಯ ಅರ್ಜಿ, ಓಡಾಟಕ್ಕೆ ಬಳಸುತ್ತೇವೆ. ಮಕ್ಕಳು 18 ದಾಟಿದ ಮೇಲೆ ಅವರ ಪರವಾಗಿ ನಿರ್ಧರಿಸುವ ಕಾನೂನುಬದ್ಧ ಪೋಷಕರ ನೇಮಕಕ್ಕೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕಾಗಿ ಬರಬಹುದು. ಇದು ಹೆಚ್ಚಿನ ಹೆತ್ತವರಿಗೆ ತಡವಾಗಿ ತಿಳಿಯುತ್ತದೆ.

ಕಾಣಿಕೆಯನ್ನು ‘ಶಾಂತ ಕೋಣೆ’ ಎಂದು ಬರೆದ ಲಕೋಟೆಯಲ್ಲಿ ಖಜಾಂಚಿಯವರಿಗೆ ಕೊಟ್ಟು ರಸೀದಿ ಪಡೆಯಿರಿ. ಬ್ಯಾಂಕ್ ವಿವರ ಕಚೇರಿಯ ಸೂಚನಾ ಫಲಕದಲ್ಲಿದೆ. ಕಾಣಿಕೆಗೆ ತೆರಿಗೆ ವಿನಾಯಿತಿ ಕೊಡಿಸುವ ಮಾನ್ಯತೆ ನಮಗಿಲ್ಲ. ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿಯೂ ಇಲ್ಲ. ಗಲ್ಫ್‌ನಲ್ಲಿರುವ ನಮ್ಮವರು ಭಾರತೀಯ ಪಾಸ್‌ಪೋರ್ಟ್ ಉಳ್ಳವರಾದರೆ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಬಹುದು. ಒಸಿಐ ಕಾರ್ಡ್‌ನವರೂ (ಭಾರತೀಯ ಮೂಲದ ವಿದೇಶಿ ಪ್ರಜೆಗಳು) ಬೇರೆ ದೇಶದ ಪಾಸ್‌ಪೋರ್ಟ್‌ನವರೂ ದಯವಿಟ್ಟು ಕಳಿಸಬೇಡಿ, ಕಾನೂನು ಒಪ್ಪುವುದಿಲ್ಲ.

ವಸ್ತು ಕೊಡುವವರು ದಪ್ಪ ಪರದೆ, ತೆಂಗಿನ ನಾರಿನ ಚಾಪೆ, ಎರಡು ಬೀನ್‌ಬ್ಯಾಗ್ ಕೊಡಿ. ಹಾಡುವ, ದೀಪ ಮಿನುಗಿಸುವ ಆಟಿಕೆಗಳು ಬೇಡ.

ಸಭಾ ಸಮಿತಿಯ ಪರವಾಗಿ,
ಕಾರ್ಯದರ್ಶಿ ಮತ್ತು ಖಜಾಂಚಿ