ಯಾರಿಗೆ ಕೊಟ್ಟ ಚಿಕಿತ್ಸೆ ಅಂತಲೂ ಬರೆಯಿರಿ

ಮಾನ್ಯ ಸಂಪಾದಕರೇ,

ಮಧುಮೇಹಕ್ಕೆ ಹೊಸ ಚಿಕಿತ್ಸೆ ಬಂತು ಅಂತ ಪೇಪರ್‌ನಲ್ಲಿ ಬಂದ ದಿನ ನಮ್ಮ ಮನೆಯ ಫೋನ್‌ಗೆ ಬಿಡುವೇ ಇರುವುದಿಲ್ಲ. ಅತ್ತಿಗೆ ಮಾಡುತ್ತಾರೆ, ಊರಿಂದ ದೊಡ್ಡಪ್ಪ ಮಾಡುತ್ತಾರೆ, ಮಗಳ ಟೀಚರ್ ಸುದ್ದಿಯ ಫೋಟೊ ತೆಗೆದು ಕಳಿಸುತ್ತಾರೆ. ಎಲ್ಲರದೂ ಒಂದೇ ಮಾತು: "ಇನ್ನು ಸೂಜಿ ಬೇಡವಂತೆ, ನೋಡಿದ್ಯಾ?" ಅವರ ಪ್ರೀತಿ ನನಗೆ ಗೊತ್ತು. ನನ್ನ ಮಗಳಿಗೆ ಈಗ ಹದಿಮೂರು. ಆರನೇ ವಯಸ್ಸಿನಲ್ಲಿ ಟೈಪ್ ಒನ್ ಮಧುಮೇಹ ಅಂತ ಗೊತ್ತಾಯಿತು. ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಲೆಕ್ಕ ಹಾಕಿದರೆ ಈಗಾಗಲೇ ಹತ್ತು ಸಾವಿರ ಸಲ ಚುಚ್ಚಿಸಿಕೊಂಡಿದ್ದಾಳೆ. ಇಂಥ ಸುದ್ದಿಯನ್ನು ನಾನು ಎಷ್ಟು ಆಸೆಯಿಂದ ಓದುತ್ತೇನೆ ಅಂತ ಬೇರೆ ಹೇಳಬೇಕಾಗಿಲ್ಲ.

ಆ ಆಸೆಯಿಂದಲೇ ಎರಡು ವರ್ಷದ ಹಿಂದೆ ನಾನು, ನಮ್ಮೆಜಮಾನರು ಒಂದು ಕ್ಲಿನಿಕ್‌ಗೆ ಹೋಗಿದ್ದೆವು. ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಥರದ ಕೋಶವಾಗಿ ಬೆಳೆಯಬಲ್ಲ ಮೂಲ ಕೋಶ, ಹಾಕಿಸಿದರೆ ಇನ್ಸುಲಿನ್ ನಿಂತೇ ಹೋಗುತ್ತದೆ ಅಂದರು. ಮೂರು ಸಲ ಬರಬೇಕು, ಆರು ಲಕ್ಷ ಆಗುತ್ತದೆ, ಅರ್ಧ ಮೊದಲೇ ಕಟ್ಟಬೇಕು. ಇದು ಎಲ್ಲಿ, ಯಾರಿಗೆ ಫಲ ಕೊಟ್ಟಿದೆ ಅಂತ ಕೇಳಿದೆ. ಲ್ಯಾಮಿನೇಟ್ ಮಾಡಿಸಿಟ್ಟಿದ್ದ ಒಂದು ಪೇಪರ್ ಕಟಿಂಗ್ ತೋರಿಸಿದರು. ಅದು ಕೆನಡಾದ ಸುದ್ದಿ. ಆ ಹೊತ್ತಿಗೆ ನನಗೆ ಅಷ್ಟೇ ಸಾಕಾಗಿತ್ತು. ಬಳೆ ಅಡ ಇಡೋಣ ಅಂತ ಬಸ್ಸಿನಲ್ಲೇ ಮಾತಾಡಿಕೊಂಡು ಬಂದೆವು. ತಡೆದವರು ಮಗಳನ್ನು ಮೊದಲಿಂದ ನೋಡುತ್ತಿರುವ ಡಾಕ್ಟರು. ಅವರು ಒಂದು ಗಂಟೆ ಕೂರಿಸಿಕೊಂಡು ಹೇಳಿದ್ದನ್ನು, ಆಮೇಲೆ ನಾನೇ ಹುಡುಕಿ ಓದಿಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಕೆನಡಾದ ಸುದ್ದಿ ಸುಳ್ಳಲ್ಲ. ಆದರೆ ಅದಕ್ಕೂ ಆ ಕ್ಲಿನಿಕ್‌ಗೂ ಸಂಬಂಧವೇ ಇರಲಿಲ್ಲ.

ಟೈಪ್ ಒನ್‌ನಲ್ಲಿ, ರೋಗ ಬರದಂತೆ ಕಾಯುವ ದೇಹದ ಕಾವಲುಗಾರರೇ ತಿರುಗಿ ಬೀಳುತ್ತಾರೆ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಮಾಡುವ ಬೀಟಾ ಕೋಶಗಳನ್ನು ವೈರಿ ಅಂತ ತಿಳಿದು ಕೊಲ್ಲುತ್ತಾರೆ. ಹಾಗಾದರೆ ಹೊಸ ಕೋಶ ಹಾಕಿದರೆ ಆಯ್ತಲ್ಲ? 2000ದಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ಡಾಕ್ಟರ್ ಜೇಮ್ಸ್ ಶಪೀರೊ ಮತ್ತು ಅವರ ಜೊತೆಯವರು ಇದನ್ನೇ ಮಾಡಿ ತೋರಿಸಿದರು. ತೀರಿಕೊಂಡವರು ದಾನ ಮಾಡಿದ ಮೇದೋಜೀರಕದಿಂದ ಆ ಕೋಶಗಳ ಗುಂಪನ್ನು ಬೇರ್ಪಡಿಸಿ, ಲಿವರ್‌ಗೆ ಹೋಗುವ ರಕ್ತನಾಳದೊಳಗೆ ಬಿಟ್ಟರು. ಏಳು ಜನರಿಗೆ ಮಾಡಿದರು. ಏಳೂ ಜನ ಇನ್ಸುಲಿನ್ ಬಿಟ್ಟರು. ಜಗತ್ತೇ ಕುಣಿದಾಡಿದ ಸುದ್ದಿ ಅದು. ಆದರೆ ಬರುಬರುತ್ತಾ ಹೆಚ್ಚಿನವರು ಮತ್ತೆ ಇನ್ಸುಲಿನ್‌ಗೇ ಬಂದರು. ಒಬ್ಬರಿಗೆ ಎರಡು, ಮೂರು ದಾನಿಗಳ ಕೋಶ ಬೇಕಾಗುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾದದ್ದು, ಹಾಕಿದ ಕೋಶ ಉಳಿಯಬೇಕಾದರೆ ರೋಗನಿರೋಧಕ ಶಕ್ತಿಯನ್ನು ಅದುಮಿ ಇಡುವ ಮಾತ್ರೆಗಳನ್ನು ದಿನವೂ ನುಂಗಬೇಕು. ಕಿಡ್ನಿ ಬದಲಾಯಿಸಿಕೊಂಡವರು ನುಂಗುತ್ತಾರಲ್ಲ, ಅದೇ ಥರದ ಮಾತ್ರೆ. ಸೋಂಕು ಬೇಗ ತಗಲುತ್ತದೆ, ಕಿಡ್ನಿಗೆ ಪೆಟ್ಟು, ಕ್ಯಾನ್ಸರ್ ಭಯವೂ ಇರುತ್ತದೆ.

ದಾನಿಗಳು ಸಾಲದೇ ಹೋದಾಗ ಸ್ಟೆಮ್ ಸೆಲ್ ದಾರಿ ತೆರೆಯಿತು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಡಗ್ಲಸ್ ಮೆಲ್ಟನ್ ಕಪ್ಪೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದವರು. 1991ರಲ್ಲಿ ಅವರ ಹಸುಗೂಸು ಮಗನಿಗೆ ಟೈಪ್ ಒನ್ ಅಂತ ಗೊತ್ತಾಯಿತು. ಮಾಡುತ್ತಿದ್ದ ಕೆಲಸ ಬಿಟ್ಟು ಈ ಕಡೆ ತಿರುಗಿದರು. ಮುಂದೆ ಮಗಳಿಗೂ ಬಂತು. ಸ್ಟೆಮ್ ಸೆಲ್‌ನಿಂದ ಇನ್ಸುಲಿನ್ ಮಾಡುವ ಕೋಶಗಳನ್ನು ಬೇಕಾದಷ್ಟು ಬೆಳೆಸಬಹುದು ಅಂತ ಅವರು ತೋರಿಸಿದ್ದು 2014ರಲ್ಲಿ. ಮಧ್ಯೆ ಇಪ್ಪತ್ತಮೂರು ವರ್ಷ. ಅದನ್ನು ಓದಿ ನಾನು ಅತ್ತುಬಿಟ್ಟೆ.

ಆ ದಾರಿಯಲ್ಲೇ ಅಮೆರಿಕದ ವರ್ಟೆಕ್ಸ್ ಅನ್ನುವ ಔಷಧ ಕಂಪನಿ ಮಾಡಿದ ಪ್ರಯೋಗದ ಫಲ 2025ರ ಜೂನ್‌ನಲ್ಲಿ ಪ್ರಕಟವಾಯಿತು. ಪೂರ್ತಿ ಪ್ರಮಾಣ ಪಡೆದ 12 ಜನರಲ್ಲಿ 10 ಜನ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಇಲ್ಲದೇ ಇದ್ದರು. ನಿಜಕ್ಕೂ ದೊಡ್ಡ ವಿಷಯ. ಆದರೆ ನನಗೆ ಬಂದ ಯಾವ ಫಾರ್ವರ್ಡ್‌ನಲ್ಲೂ ಇನ್ನರ್ಧ ಇರಲಿಲ್ಲ. ಅವರೆಲ್ಲ ರೋಗನಿರೋಧಕ ಶಕ್ತಿ ಅದುಮುವ ಮಾತ್ರೆಯ ಮೇಲೇ ಇದ್ದರು. ಪ್ರಯೋಗಕ್ಕೆ ಸೇರಿದ 14 ಜನರಲ್ಲಿ ಇಬ್ಬರು ತೀರಿಕೊಂಡರು. ಒಬ್ಬರು ಮೆದುಳಿನ ಪೊರೆಗೆ ತಗಲಿದ ಫಂಗಸ್ ಸೋಂಕಿನಿಂದ, ಇನ್ನೊಬ್ಬರು ಮೊದಲೇ ಇದ್ದ ಮರೆವಿನ ಕಾಯಿಲೆ ಜಾಸ್ತಿಯಾಗಿ.

ಹಾಗಾದರೆ ಇಷ್ಟೆಲ್ಲ ಅಪಾಯ ಇದ್ದೂ ಜನ ಯಾಕೆ ಒಪ್ಪಿದರು? ಇದಕ್ಕೆ ಉತ್ತರ ನನಗೆ ಒಂದು ರಾತ್ರಿ ಸಿಕ್ಕಿತು. ಕಳೆದ ಆಷಾಢದಲ್ಲಿ, ರಾತ್ರಿ ಎರಡೂವರೆಗೆ ಮಗಳು ನನ್ನ ತೋಳು ಅಲುಗಾಡಿಸಿದಳು. ಅವಳ ತಲೆದಿಂಬು ಬೆವರಿಗೆ ಒದ್ದೆಯಾಗಿತ್ತು. ಕೈ ನಡುಗುತ್ತಿತ್ತು. ರಕ್ತದ ಸಕ್ಕರೆ ಮೀಟರ್‌ನಲ್ಲಿ 46ಕ್ಕೆ ಇಳಿದಿತ್ತು. ಸಕ್ಕರೆ ನೀರು ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಬೆರಳು ಚುಚ್ಚಿ ನೋಡಿದೆ, 82. "ಈಗ ಸರಿ ಹೋಯ್ತಮ್ಮ" ಅಂತ ಹೇಳಿ ಮಲಗಿಬಿಟ್ಟಳು. ಹೀಗೆ ಸಕ್ಕರೆ ತೀರಾ ಇಳಿದು ಲೋ ಆಗುವಾಗ ಅವಳಿಗೆ ಗೊತ್ತಾಗುತ್ತದೆ. ಅದೇ ನಮ್ಮ ಪುಣ್ಯ. ಎಷ್ಟೋ ವರ್ಷ ಈ ಕಾಯಿಲೆ ಇದ್ದ ಕೆಲವರಿಗೆ ಆ ಸೂಚನೆಯೇ ಸಿಗುವುದಿಲ್ಲ. ಬೆವರಿಲ್ಲ, ನಡುಕವಿಲ್ಲ, ಗಾಡಿ ಓಡಿಸುತ್ತಿದ್ದ ಹಾಗೆಯೇ ಪ್ರಜ್ಞೆ ತಪ್ಪುತ್ತದೆ. ಮೇಲೆ ಹೇಳಿದ ಪ್ರಯೋಗ ನಡೆದಿದ್ದು ಅಂಥವರ ಮೇಲೆ, ಅದೂ 18 ದಾಟಿದವರ ಮೇಲೆ. ಅಂಥವರಿಗೆ ಆ ಮಾತ್ರೆಯ ಅಪಾಯಕ್ಕಿಂತ ಮುಂದಿನ ಲೋ ದೊಡ್ಡ ಅಪಾಯ. ನನ್ನ ಮಗಳಿಗೆ ಇವತ್ತಿಗೆ ಇನ್ಸುಲಿನ್ನೇ ಕ್ಷೇಮ. ಒಂದೇ ಕಾಯಿಲೆ, ಆದರೆ ಲೆಕ್ಕ ಬೇರೆ.

ಇದನ್ನು ಬರೆಯದೇ ಬಿಟ್ಟರೆ ಸುದ್ದಿ ಹೇಗೆ ಬದಲಾಗುತ್ತದೆ ನೋಡಿ. ಚೀನಾದ ತಿಯಾಂಜಿನ್‌ನಲ್ಲಿ 25 ವರ್ಷದ ಹೆಣ್ಣುಮಗಳೊಬ್ಬರಿಗೆ ಅವರದೇ ಕೋಶದಿಂದ ಬೆಳೆಸಿದ ಬೀಟಾ ಕೋಶ ಹಾಕಿದರು, ಎರಡೂವರೆ ತಿಂಗಳಲ್ಲಿ ಇನ್ಸುಲಿನ್ ನಿಂತಿತು ಅಂತ 2024ರಲ್ಲಿ ಎಲ್ಲ ಕಡೆ ಬಂತು. ಅವರು ಮೊದಲೇ ಲಿವರ್ ಬದಲಾಯಿಸಿಕೊಂಡು ಶಕ್ತಿ ಅದುಮುವ ಮಾತ್ರೆಯ ಮೇಲಿದ್ದರು ಅನ್ನುವುದು ನಮ್ಮ ಎಷ್ಟು ಜನರಿಗೆ ಗೊತ್ತು? ಸ್ವೀಡನ್‌ನ ಉಪ್ಸಲಾದಲ್ಲಿ, ದೇಹದ ಕಾವಲುಗಾರರ ಕಣ್ಣು ತಪ್ಪಿಸುವ ಹಾಗೆ ಜೀನ್ ತಿದ್ದಿದ ಕೋಶಗಳನ್ನು ಒಬ್ಬರ ಮುಂಗೈ ಮಾಂಸಖಂಡಕ್ಕೆ ಹಾಕಿದ್ದಾರೆ. ಮಾತ್ರೆ ಇಲ್ಲದೆಯೇ ಆ ಕೋಶಗಳು ಬದುಕಿವೆ. ನನಗೆ ಎಲ್ಲಕ್ಕಿಂತ ಜಾಸ್ತಿ ಭರವಸೆ ಕೊಟ್ಟ ಸುದ್ದಿ ಇದು. ಆದರೆ ಅದು ಒಬ್ಬರೇ ಒಬ್ಬರಿಗೆ, ತೀರಾ ಸಣ್ಣ ಪ್ರಮಾಣದಲ್ಲಿ ಆದದ್ದು. ಅವರು ಇನ್ಸುಲಿನ್ ಬಿಟ್ಟಿಲ್ಲ.

ಸಂಪಾದಕರೇ, ಸುದ್ದಿ ಹಾಕಬೇಡಿ ಅಂತ ನಾನು ಕೇಳುತ್ತಿಲ್ಲ. ಹಾಕಿ, ಇನ್ನೂ ಜಾಸ್ತಿ ಹಾಕಿ. ಎಷ್ಟು ಜನರಿಗೆ ಮಾಡಿದರು, ಅವರು ಯಾರು, ಆಮೇಲೆ ಯಾವ ಮಾತ್ರೆ ನುಂಗುತ್ತಿದ್ದಾರೆ, ಎಷ್ಟು ತಿಂಗಳಾಯಿತು ಅನ್ನುವುದನ್ನು ಮೊದಲ ನಾಲ್ಕು ಸಾಲಿನೊಳಗೇ ಹೇಳಿಬಿಡಿ. ಕೊನೆಯ ಪ್ಯಾರಾದಲ್ಲಿ ಹೇಳಿದರೆ ನಮ್ಮ ಅತ್ತಿಗೆ ಅಲ್ಲಿಯವರೆಗೆ ಓದುವುದಿಲ್ಲ. ಟೈಪ್ ಒನ್ ಬೇರೆ, ಹೆಚ್ಚಾಗಿ ದೊಡ್ಡವರಿಗೆ ಬರುವ ಟೈಪ್ ಟೂ ಬೇರೆ ಅನ್ನುವುದನ್ನು ತಲೆಬರಹದಲ್ಲೇ ಬಿಡಿಸಿ ಹೇಳಿ.

ಅಂಥ ಸುದ್ದಿಯ ಪಕ್ಕದಲ್ಲಿ ಒಂದು ಸಣ್ಣ ಚೌಕ ಹಾಕಲು ಜಾಗ ಇದ್ದರೆ ಇಷ್ಟು ಬರೆಯಿರಿ. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2017ರಲ್ಲೇ ಹೇಳಿದೆ: ರಕ್ತದ ಕೆಲವು ಕಾಯಿಲೆಗಳನ್ನು ಬಿಟ್ಟು ಬೇರೆ ಯಾವುದಕ್ಕೂ ಸ್ಟೆಮ್ ಸೆಲ್ ಅನ್ನು ಚಿಕಿತ್ಸೆ ಅಂತ ಕೊಡುವ ಹಾಗಿಲ್ಲ, ಪ್ರಯೋಗವಾಗಿ ಮಾತ್ರ ಕೊಡಬಹುದು, ಪ್ರಯೋಗಕ್ಕೆ ಸೇರಿದವರಿಂದ ಹಣ ತೆಗೆದುಕೊಳ್ಳುವ ಹಾಗಿಲ್ಲ. ದೇಶದಲ್ಲಿ ನಡೆಯುವ ಪ್ರತಿ ಪ್ರಯೋಗವೂ ಸಿಟಿಆರ್‌ಐ ಅನ್ನುವ ಸರ್ಕಾರಿ ಪಟ್ಟಿಯಲ್ಲಿ ಇರಬೇಕು. ಅದನ್ನು ಮೊಬೈಲ್‌ನಲ್ಲೇ ಯಾರು ಬೇಕಾದರೂ ನೋಡಬಹುದು. ಈ ಒಂದು ವಿಷಯ ಅವತ್ತು ಗೊತ್ತಿದ್ದರೆ ನಾವು ಆ ಕ್ಲಿನಿಕ್‌ನ ಮೆಟ್ಟಿಲೇ ಹತ್ತುತ್ತಿರಲಿಲ್ಲ.

ನಮ್ಮ ಊರಲ್ಲಿ ಟೈಪ್ ಒನ್ ಮಕ್ಕಳ ಹನ್ನೊಂದು ಮನೆಯವರು ತಿಂಗಳಿಗೊಮ್ಮೆ ಸೇರುತ್ತೇವೆ. ತಜ್ಞ ಡಾಕ್ಟರೊಬ್ಬರಿಂದ ಇದರ ಬಗ್ಗೆ ಪ್ರಶ್ನೋತ್ತರ ಬರೆಸಲು ತಾವು ಮನಸ್ಸು ಮಾಡಿದರೆ, ಪ್ರಶ್ನೆಗಳನ್ನು ನಾವು ಕಳಿಸುತ್ತೇವೆ. ಮಕ್ಕಳದೇ ಒಂದು ಪುಟ ಆಗುವಷ್ಟಿವೆ.

ಇಂತಿ,
ಟೈಪ್ ಒನ್ ಹುಡುಗಿಯ ತಾಯಿ
ಹಾಸನ