ಅಲಾಯ್ ವೀಲ್ ಪಾಲಿಶ್ ಕೆಲಸ ಹಾಳಾಗಿರುವ ಬಗ್ಗೆ ದೂರು

ಇಂದ,
ಪಿಕಪ್ ಮಾಲೀಕ, ಮಲ್ಪೆ, ಉಡುಪಿ

ಗೆ,
ಮ್ಯಾನೇಜರ್, ಅಲಾಯ್ ವೀಲ್ ರಿಪೇರಿ ವರ್ಕ್‌ಶಾಪ್, ಮಂಗಳೂರು

ವಿಷಯ: ನಾಲ್ಕು ಅಲಾಯ್ ವೀಲ್‌ಗಳನ್ನು ಸರಿಮಾಡಿ ಕೊಡುವುದು ಅಥವಾ ಹಣ ವಾಪಸ್ ಮಾಡುವುದು

ಮಾನ್ಯರೇ,

ನನ್ನದು 2011ರ ಟಾಟಾ ಜೆನಾನ್ ಪಿಕಪ್. ಬಂದರಿನಿಂದ ಮೀನು ಸಾಗಿಸುವ ಗಾಡಿ. ಜೂನ್, ಜುಲೈನಲ್ಲಿ ಟ್ರಾಲ್ ಬೋಟುಗಳಿಗೆ ಕಡಲಿಗಿಳಿಯಲು ನಿಷೇಧ ಇರುತ್ತದೆ, ನಮ್ಮ ಗಾಡಿಗಳು ರಿಪೇರಿಗೆ ಹೋಗುವುದೂ ಆಗಲೇ. ಹಾಗೆ ಈ ಜೂನ್‌ನಲ್ಲಿ ನಾಲ್ಕೂ ವೀಲುಗಳ ಕೆಲಸವನ್ನು ನಿಮಗೆ ಕೊಟ್ಟಿದ್ದೆ. ಬಿಲ್ಲಿನಲ್ಲಿ ನೀವೇ ಬರೆದಿದ್ದೀರಿ: ಟಯರ್ ಕಳಚುವುದು, ಹಳೆ ಲ್ಯಾಕರ್ (ಮೇಲಿನ ಪಾರದರ್ಶಕ ಲೇಪ) ತೆಗೆಯುವುದು, ಬಫಿಂಗ್ (ಉಜ್ಜಿ ಹೊಳಪು ಕೊಡುವುದು), ಹೊಸ ಲ್ಯಾಕರ್, ಬ್ಯಾಲೆನ್ಸಿಂಗ್. ಜಿಎಸ್‌ಟಿ ಸೇರಿ 14,160 ರೂಪಾಯಿ. ಪೂರ್ತಿ ಕೊಟ್ಟಿದ್ದೇನೆ.

ಗಾಡಿ ಕೈಗೆ ಬಂದ ದಿನ ವೀಲುಗಳು ಚೆನ್ನಾಗಿಯೇ ಹೊಳೆಯುತ್ತಿದ್ದವು. ಅಕ್ಟೋಬರ್ ಹೊತ್ತಿಗೆ ಸ್ಪೋಕ್‌ಗಳ ಅಂಚಿನಲ್ಲಿ ಲ್ಯಾಕರ್ ಏಳತೊಡಗಿತು. ಈಗ ಉಗುರು ಹಾಕಿದರೆ ಪ್ಲಾಸ್ಟಿಕ್ ಹಾಳೆಯ ಹಾಗೆ ಕಿತ್ತು ಬರುತ್ತದೆ. ಅದರ ಕೆಳಗೆ ಹಾಲಿನಂಥ ಮಬ್ಬು. ಮೇಲೆಲ್ಲ ಸಣ್ಣ ಸಣ್ಣ ಕಂದು ಚುಕ್ಕೆಗಳು. ಎರಡು ಟಯರ್‌ಗಳಲ್ಲಿ ಗಾಳಿ ನಿಲ್ಲುತ್ತಿಲ್ಲ.

ಫೋನ್ ಮಾಡಿದಾಗ ನಿಮ್ಮ ಹುಡುಗ ಹೇಳಿದ್ದು, "ಕಡಲ ಬದಿ ಗಾಡಿ ಅಲ್ವಾ ಸಾರ್, ಉಪ್ಪು ಗಾಳಿಗೆ ಹೀಗೇ ಆಗೋದು." ಉಪ್ಪಿನ ಕಾಟ ಏನು ಅಂತ ಮಲ್ಪೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಐಸ್ ಕರಗಿದ ಉಪ್ಪುನೀರು ದಿನಾ ವೀಲಿನ ಮೇಲೆ ಸೋರುತ್ತದೆ. ಅದು ವೀಲಿನ ಅಲ್ಯೂಮಿನಿಯಂ ಅನ್ನು ಗುಳಿ ಗುಳಿಯಾಗಿ ತಿನ್ನುತ್ತದೆ, ಬಿಳಿ ಪುಡಿ ಏಳಿಸುತ್ತದೆ. ಆದರೆ ಅಲ್ಯೂಮಿನಿಯಂ ಕಂದು ತುಕ್ಕು ಹಿಡಿಯುವುದಿಲ್ಲ. ಕಂದು ತುಕ್ಕು ಕಬ್ಬಿಣದ್ದು. ವೀಲಿನ ಮೇಲೆ ಕಬ್ಬಿಣ ಎಲ್ಲಿಂದ ಬಂತು? ಸ್ಟೀಲ್ ವೈರ್ ಬ್ರಶ್ ಹಾಕಿ ಉಜ್ಜಿದಾಗ ಅದರ ಚೂರುಗಳು ಮೆತ್ತಗಿನ ಲೋಹದೊಳಗೆ ಕೂರುತ್ತವೆ. ನೀವು ಅದರ ಮೇಲೇ ಲ್ಯಾಕರ್ ಹೊಡೆದಿದ್ದೀರಿ.

ಇನ್ನೊಂದು ವಿಷಯ. ನನ್ನ ಸ್ಟೆಪ್ನಿಯೂ ಅಲಾಯ್ ವೀಲೇ. ಅದನ್ನು ನಿಮಗೆ ಕೊಟ್ಟಿರಲಿಲ್ಲ. ಅದೇ ಗಾಡಿ, ಅದೇ ಗಾಳಿ, ಅದೇ ಮೀನಿನ ನೀರು. ಅದರ ಮೇಲೆ ಬಿಳಿ ಕಲೆ ಬೇಕಾದಷ್ಟಿದೆ, ಒಂದೇ ಒಂದು ಕಂದು ಚುಕ್ಕೆ ಇಲ್ಲ. ಇದಕ್ಕೆ ನಿಮ್ಮ ಉತ್ತರ ಏನು?

ಗಾಳಿ ಯಾಕೆ ಇಳಿಯುತ್ತಿದೆ ಅಂತ ಇಲ್ಲಿಯ ಪಂಕ್ಚರ್ ಅಂಗಡಿಯಲ್ಲಿ ಟಯರ್ ಬಿಚ್ಚಿಸಿದೆ. ಟಯರಿನ ಅಂಚು ಕೂರುವ ಜಾಗದಲ್ಲಿ ಹಳೆಯ ಬಿಳಿ ಹಕ್ಕಳೆ ದಪ್ಪಗೆ ಹಾಗೇ ಇತ್ತು. ಗಾಳಿ ಸೋರುತ್ತಿದ್ದುದು ಅಲ್ಲಿಂದಲೇ. ಟಯರ್ ಕಳಚಿದ್ದೇ ಆಗಿದ್ದರೆ ಅದು ನಿಮ್ಮ ಕಣ್ಣಿಗೆ ಬೀಳದೆ ಇರುತ್ತಿತ್ತಾ? ಟಯರಿನ ಗೋಡೆಯ ಮೇಲೆ ಲ್ಯಾಕರ್ ಹನಿಗಳೂ ಇವೆ. ಕಳಚುವ ದುಡ್ಡು ತಗೊಂಡು ಸುಮ್ನೆ ಟೇಪ್ ಸುತ್ತಿ ಸ್ಪ್ರೇ ಮಾಡಿದ್ದೀರಿ.

ವೀಲಿನ ಒಳಬದಿಯಲ್ಲಿ ಬೂದು ಬಣ್ಣದ ಧಾರೆಗಳು ಇಳಿದಿವೆ, ಮುಟ್ಟಿದರೆ ಕೈಗೆ ಮಸಿ. ಹಳೆ ಲ್ಯಾಕರ್ ಕೀಳಲು ಕಾಸ್ಟಿಕ್ ಸೋಡಾ ಸುರಿದಿದ್ದೀರಿ ಅಂತ ನನ್ನ ಅನುಮಾನ. ಎರಕದ ವೀಲುಗಳಲ್ಲಿ ಸಾಮಾನ್ಯವಾಗಿ ಶೇ. 7ರಷ್ಟು ಸಿಲಿಕಾನ್ ಇರುತ್ತದೆ. ಕಾಸ್ಟಿಕ್ ಅಲ್ಯೂಮಿನಿಯಂ ಅನ್ನು ಕರಗಿಸುತ್ತದೆ, ಸಿಲಿಕಾನ್ ಕಪ್ಪು ಪುಡಿಯಾಗಿ ಮೇಲೆ ಉಳಿಯುತ್ತದೆ. ಅದರ ಮೇಲೆ ಯಾವ ಲ್ಯಾಕರ್ ಹಿಡಿದೀತು? ಆ ಮಬ್ಬಿಗೂ ಕಾರಣ ಹುಡುಕಬೇಕಾಗಿಲ್ಲ. ಜೂನ್ ಮಳೆಯಲ್ಲಿ, ಬಾಗಿಲೇ ಇಲ್ಲದ ಶೆಡ್ಡಿನಲ್ಲಿ ಲ್ಯಾಕರ್ ಹೊಡೆದರೆ ತೇವ ಒಳಗೆ ಸಿಕ್ಕಿಕೊಳ್ಳುತ್ತದೆ.

ಹಳೇ ಗಾಡಿ, ಶೋರೂಮ್ ಹೊಳಪು ಬರಲಿಲ್ಲ ಅಂತ ನಾನು ಜಗಳಕ್ಕೆ ನಿಂತಿಲ್ಲ. ಆಳವಾದ ಗುಳಿಗಳು ಹೋಗುವುದಿಲ್ಲ ಅಂತ ನೀವು ಮೊದಲೇ ಹೇಳಿದ್ದಿರಿ, ಒಪ್ಪಿದ್ದೆ. ಬಿಲ್ಲಿನಲ್ಲಿ ಬರೆದ ಕೆಲಸ ಮಾಡಿ ಅಂತಷ್ಟೇ ಕೇಳುತ್ತಿದ್ದೇನೆ. ಟಯರ್ ಕಳಚಿ. ಪೇಂಟ್ ರಿಮೂವರ್‌ನಲ್ಲಿ ಲ್ಯಾಕರ್ ಪೂರ್ತಿ ತೆಗೆಯಿರಿ. 400 ನಂಬರಿನ ತರಿ ಪೇಪರಿನಿಂದ ಶುರುಮಾಡಿ 1500 ನಂಬರಿನ ನಯವಾದದ್ದರವರೆಗೆ ಒಂದೊಂದಾಗಿ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಹಾಕಿ, ನಡುವೆ ಹಾರಿಸಬೇಡಿ. ಸ್ಟೀಲ್ ಬ್ರಶ್ ಹತ್ತಿರ ತರಬೇಡಿ. ಬಫಿಂಗ್ ಮಾಡಿದ ಮೇಲೆ ಮೇಣ, ಎಣ್ಣೆ ಉಳಿಯದ ಹಾಗೆ ಒರೆಸಿ, ಒಣಗಿದ ಜಾಗದಲ್ಲಿ ಲ್ಯಾಕರ್ ಹೊಡೆಯಿರಿ. ಟಯರ್ ಕೂರುವ ಅಂಚನ್ನೂ ಉಜ್ಜಿ. ಬ್ಯಾಲೆನ್ಸಿಂಗ್‌ಗೆ ಒಳಗೆ ಅಂಟಿಸುವ ತೂಕವನ್ನೇ ಹಾಕಿ, ಅಂಚಿಗೆ ಬಡಿಯುವ ಕ್ಲಿಪ್ ಬೇಡ. ಕ್ಲಿಪ್ ಗೀರಿದ ಕಡೆಯಿಂದಲೇ ಉಪ್ಪುನೀರು ಒಳಗೆ ಹೋಗುತ್ತದೆ.

ಇದಾಗದಿದ್ದರೆ 14,160 ರೂಪಾಯಿ ವಾಪಸ್ ಕೊಡಿ, ಬೇರೆ ಕಡೆ ಮಾಡಿಸಿಕೊಳ್ಳುತ್ತೇನೆ. ವೀಲು ಬಿಚ್ಚಿದ ದಿನ ಗಾಡಿ ನಿಂತೇ ಇರುತ್ತದೆ, ಆ ದಿನದ ಬಾಡಿಗೆಯೂ ಹೋಗುತ್ತದೆ. ಅದನ್ನು ಸದ್ಯಕ್ಕೆ ನಿಮ್ಮ ಮೇಲೆ ಹಾಕುತ್ತಿಲ್ಲ.

ಪತ್ರ ತಲುಪಿ 15 ದಿನದೊಳಗೆ ಬರಹದಲ್ಲೇ ಉತ್ತರ ಕೊಡಿ, ಫೋನ್ ಮಾತು ಬೇಡ. ಉತ್ತರ ಬರದಿದ್ದರೆ 1915 ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟು, ಅಲ್ಲೂ ಬಗೆಹರಿಯದಿದ್ದರೆ ಉಡುಪಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಮಂಗಳೂರಿಗೆ ಅಲೆಯಬೇಕಾಗಿಲ್ಲ.

ಬಿಲ್ಲಿನ ನಕಲು, ನಾಲ್ಕು ವೀಲು ಮತ್ತು ಸ್ಟೆಪ್ನಿಯ ಫೋಟೋಗಳು, ಪಂಕ್ಚರ್ ಅಂಗಡಿಯಲ್ಲಿ ಟಯರ್ ಬಿಚ್ಚಿದಾಗ ತೆಗೆದ ಫೋಟೋ ಇದರ ಜೊತೆಗಿವೆ. ಕಿತ್ತು ಬಂದ ಲ್ಯಾಕರ್ ಚೂರುಗಳನ್ನು ಒಂದು ಕವರಿನಲ್ಲಿ ತೆಗೆದಿಟ್ಟಿದ್ದೇನೆ, ಬೇಕಾದರೆ ಬಂದು ನೋಡಬಹುದು.

ಇಂತಿ,
ಪಿಕಪ್ ಮಾಲೀಕ, ಮಲ್ಪೆ